ಸೀಟಿನ ಎತ್ತರ

ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ,
ನಲವತ್ತೊಂದು ಬೂಟಿನ ಪೆಟ್ಟಿಗೆ.
ತೊಂಬತ್ತೆರಡರ ಎಮೆಟ್ ಕುಚೆರಾ ಮುಚ್ಚಳ ತೆಗೆದರೆ
ಇಡೀ ಬಾಂಬರ್ ದಳ ಸೆಟೆದು ನಿಲ್ಲುತ್ತದೆ,
ಅಕಾರಾದಿಯಾಗಿ.

ಹಾರಿದವನಲ್ಲ ಆತ. ಗುಮಾಸ್ತ.
ಬೆಳಿಗ್ಗೆ ಹೋದವರ ಹೆಸರು ಟೈಪ್ ಮಾಡಿ
ಸಂಜೆ ಬಂದವರ ಮುಂದೆ ಗೀಟೆಳೆದವ.
ಗೀಟು ಬೀಳದ ದಿನ
ಹಾರುಪಟ್ಟಿಯ ಅಂಚಿನಿಂದ ಅವರ ಸೈಕಲ್ಲುಗಳನ್ನು
ತಳ್ಳಿ ತಂದು ಉಗ್ರಾಣಕ್ಕೆ ಒಪ್ಪಿಸುವುದೂ ಅವನ ಪಾಲೇ.
ಒಂದು ವಿಮಾನಕ್ಕೆ ಹತ್ತು.
ಇಂಗ್ಲೆಂಡಿನ ಕೆಸರು, ಎರಡು ಕೈಗೆ ಎರಡೇ ಸೈಕಲ್ಲು,
ಐದು ಸಲ ಹೋಗಿ ಬರಬೇಕು.

ಈಗ ನೆಬ್ರಾಸ್ಕಾದ ಜನವರಿ. ಫೋನು.
ಡುಲೂತ್‌ನಿಂದ ಯಾರೋ ಹೆಂಗಸು:
"ಆರ್ನಿ ಟ್ವೈಟನ್ ನನ್ನ ಸೋದರಮಾವ. ಹೇಗಿದ್ದ?"

ಕಾರ್ಡು ಸಿಕ್ಕಿತು. ತಾರೀಖು. ವಿಮಾನದ ನಂಬರು.
ಗುರಿ: ರೈಲ್ವೆ ಯಾರ್ಡು.
ಎತ್ತರ: ಇಪ್ಪತ್ತಮೂರು ಸಾವಿರ ಅಡಿ.
ಮುಖ ಮಾತ್ರ ಬರಲೊಲ್ಲದು.
ಯಂತ್ರ ನೀರು ಚೆಲ್ಲಿ ಸುಮ್ಮನಾಯಿತು.

"ಅವನ ಸೈಕಲ್ಲು," ಅಂದ ಕೊನೆಗೆ,
"ಸೀಟು ಬಹಳ ಮೇಲಿತ್ತು. ಒಮ್ಮೆ ಹತ್ತಿ ನೋಡಿದೆ,
ಯಾರೂ ಇರಲಿಲ್ಲ.
ಕಾಲು ನೆಲಕ್ಕೆ ಎಟುಕಲಿಲ್ಲ ನನಗೆ."

ಆ ತುದಿಯಲ್ಲಿ ಬರೀ ಉಸಿರು. ಆಮೇಲೆ:
"ಅಜ್ಜಿಯ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ
ಎಲ್ಲರಿಗಿಂತ ಮೇಲಿನ ಗೀಟು
ಅವನದೇ."

ಪೆನ್ಸಿಲ್ ಹೆರೆದು, ಸರ್ಕಾರಿ ಟೈಪಿನ ಕೆಳಗೆ
ನಡುಗುವ ಕೈಯಲ್ಲಿ ಬರೆದ: ಸೀಟು ಎತ್ತರ.

ದೀಪ ಆರಿಸಲು ಎದ್ದವನು ಮತ್ತೆ ಕೂತ.
ಗಂಟೆ ಕಿತ್ತುಹೋಗಿ, ಬಾಯಲ್ಲೇ
ಟ್ರಿಣ್ ಟ್ರಿಣ್ ಅನ್ನುತ್ತ ಬರುತ್ತಿದ್ದನಲ್ಲ ಒಬ್ಬ,
ಅವನು ಯಾವ ಪೆಟ್ಟಿಗೆ?