ತಿರುಗುಣಿ

ನಾನು ಬಾಗಲಾ ಮಾಡಾಂವ.
ನೇಸರಗಿಯೊಳಗ ಯಾರ ಮನಿ ಬಾಗಲಾ ಕಿರುಗುಟ್ಟಿದ್ರೂ
ಮೊದಲ ನನಗ ಕೇಳಸ್ತೈತಿ,
ಆಮ್ಯಾಲ ಮನಿಯವರಿಗೆ.
ಎರಡ ಹನಿ ಎಣ್ಣಿ, ಒಂದ ಬಿಜಾಗರಿ,
ಪೇಚಕಸದ ನಾಕ ಸುತ್ತು.
ಇಷ್ಟಕ್ಕ ಚಾ ಕುಡಿಸಿ ಕಳಸ್ತಾರ.

ಮಗಳು ಕಾಳಿಕಾ, ಏಳು ವರ್ಷ. ಕರಿಯೂದು ಕಾಳೂ.
ಉಪ್ಪಿಟ್ಟು ಒಲ್ಲೆ, ತಲಿಗೆ ಎಣ್ಣಿ ಒಲ್ಲೆ, ಕೆಂಪು ರಿಬ್ಬನ್ ಒಲ್ಲೆ.
ಬಾಯಿ ತಗಿಯಾಕಿಲ್ಲ, ತಲಿ ಅಲ್ಲಾಡಸ್ತಿದ್ಲು,
ಎರಡೂ ಜಡಿ ಕಪಾಳಕ್ಕ ಬಡಿಯೂ ಹಂಗ.

ದೀಪಾವಳಿ ಮುಂದ ಪೆನ್ಸಿಲು ಕೈಯಿಂದ ಜಾರಾಕತ್ತು.
ಹೊಸ್ತಿಲ ಎಡವಾಕತ್ತಳು.
ನಾನೇ ಕೂಡಿಸಿದ ಹೊಸ್ತಿಲ,
ಮೂಲಿಮಟ್ಟ ಹಿಡದು ನೋಡಿದೆ.
ಸರೀ ಇತ್ತು.
ರಾತ್ರಿ ಹಾಸಿಗಿ ತೊಯ್ಸಿ
ಮುಂಜಾನೆ ನಾಚಿ, ಗ್ವಾಡಿ ಕಡೆ ಹೊಳ್ಳಿ ಮಲಗತಿದ್ಲು.

ಬೆಳಗಾವಿ ಬಸ್ಸಿನ್ಯಾಗ, ಮಾರೀಹಾಳ ದಾಟೂ ತನಕ,
ಒಂದೊಂದ ಹಂಪ್ ಬಂದಾಗೂ
ಅವಳ ತಲಿ ನನ್ನ ಎರಡೂ ಅಂಗೈಯಾಗ ಹಿಡದಿದ್ದೆ.
ಪಕ್ಕದಾಂವ ಕೇಳಿದ, ಜ್ವರಾ ಏನು?
ಹೂಂ ಅಂದೆ.

ಹಂಪಿಹೊಳಿ ಡಾಕ್ಟರಬಾಯಿ ಬೆಳಕಿನ ಹಲಗಿಗೆ ಫೋಟೋ ಸಿಗಿಸಿದ್ರು.
ಬುರುಡಿ ಕೆಳಗ ಮೊದಲನೇ ಎಲುಬು ಉಂಗುರ,
ಎರಡನೇದಕ್ಕ ಒಂದು ಗೂಟ,
ಗೂಟದ ಸುತ್ತ ಉಂಗುರ ತಿರಗತೈತಿ, ಅಂದ್ರು.
ತಿರುಗುಣಿ, ಅಂದೆ.
ಏನಂದ್ರಿ?
ನಮ್ಮಜ್ಜನ ಕಾಲಕ್ಕ ಬಿಜಾಗರಿ ಇರಲಿಲ್ರಿ,
ಬಾಗಲಾ ತನ್ನ ಗೂಟದ ಮ್ಯಾಲ ತಾನ ನಿಂತು
ಹೊಸ್ತಿಲ ಕುಣ್ಯಾಗ ತಿರಗತಿತ್ತು.
ಕುಣಿ ಸವದ್ರ ಮುಂದಕ ಬೀಳತೈತಿ.
ಹೌದ್ರಿ, ಅಂದ್ರು. ಇಕಿಂದು ಬೀಳಾಕತ್ತೈತಿ.
ಹಿಂದ ನರದ ಹುರಿ ಐತಿ.
ಎಷ್ಟು ದಪ್ಪ ಹುರಿ?
ತಮ್ಮ ಕಿರಿಬೆರಳು ಎತ್ತಿ ತೋರಿಸಿದ್ರು.

ನಾಕ ಇಸ್ಕ್ರೂ, ಎರಡು ಸಣ್ಣ ಸರಳು,
ನಡಕ ಅವಳದ ಪಕ್ಕಿ ಎಲುಬಿನ ಒಂದು ತುಂಡು.
ಅದು ತಿಳೀತು ನನಗ:
ಅದೇ ಮರದ ಚಕ್ಕಿ ಅದಕ್ಕ ಚಲೋ ಕೂಡತೈತಿ.
ಆ ಕಡೆ ರಕ್ತದ ನಾಳ, ಈ ಕಡೆ ಹುರಿ,
ಸಣ್ಣ ಹುಡುಗೂರ ಎಲುಬಿನ್ಯಾಗ ಇಸ್ಕ್ರೂಗೆ ಜಾಗಾ ಕಡಿಮಿ.
ತೆಳ್ಳನ ಸಾಗವಾನಿ ಪಟ್ಟಿಗೆ ತಿರುವೂ ಮುಂದ
ನಾನೂ ಉಸಿರು ಹಿಡೀತೇನಿ.
ಸೀಳಿದ್ರ ಅದನ್ನ ಒಗದು ಇನ್ನೊಂದು ಪಟ್ಟಿ

ಕೂಡಿದ ಮ್ಯಾಲ ಕುತ್ತಿಗಿ ಅರ್ಧನ ತಿರಗತೈತಿ, ಅಂದ್ರು.
ಅಣ್ಣ ಫೋನಿನ್ಯಾಗ ಒದರಿದ:
ಕುತ್ತಿಗಿಗೆ ಕತ್ತಿ ಹಚ್ಚಬ್ಯಾಡೋ.
ಭಾರತಿ ಏನೂ ಅನಲಿಲ್ಲ, ಪೆನ್ನು ನನ್ನ ಕೈಯಾಗ ಇಟ್ಟಳು.
ಜನ್ಮಾ ಎಲ್ಲಾ ಜಾಮ್ ಆದ ಬಾಗಲಾ ಬಿಡಿಸಿದಾಂವ
ಒಂದನ್ನ ಜಾಮ್ ಮಾಡ್ರಿ ಅಂತ
ಮೂರು ಕಡೆ ಸಹಿ ಹಾಕಿದೆ.

ಆರು ತಾಸು.
ಹೊರಗಿನ ಬಾಕಿನ ಒಂದು ಕಾಲು ಗಿಡ್ಡ ಇತ್ತು,
ಔಷಧ ಚೀಟಿ ಮಡಚಿ ಅದರ ಬುಡಕ ಕೊಟ್ಟೆ.
ನರ್ಸು ಅದೇ ಚೀಟಿ ಕೇಳಾಕ ಬಂದ್ಲು.
ಬೋಳಿಸಿದ ಕೂದಲಾ ಪ್ಲಾಸ್ಟಿಕ್ ಚೀಲದಾಗ,
ರಿಬ್ಬನ್ ಇನ್ನೂ ಕಟ್ಟೇ ಇತ್ತು. ಕೆಂಪಂದ.

ಮೂರನೇ ದಿನ, ಅಪ್ಪನ ಬೆರಳು ಹಿಡಿ ಅಂದ್ರು.
ಶಿಕಂಜಾ ಬಿಗದಂಗ ಹಿಡದ್ಲು.
ಬಿಡು ಅಂದ್ರೂ ಬಿಡಲಿಲ್ಲ.

ಈಗ ಕಾಲರ್ ತಗದಾರ.
ಹಿಂದಿನಿಂದ ಕಾಳೂ ಅಂತ ಕರದ್ರ
ಮೊದಲ ಮಾರಿ ಅಷ್ಟ ಹೊಳ್ಳತಿತ್ತು.
ಈಗ ಕಾಲು ಕಿತ್ತಿಟ್ಟು, ನಡಾ ತಿರುವಿ,
ಸಾಲಿ ಕವಾಯತಿನ ಹಂಗ
ಇಡೀ ಹುಡುಗಿ ಹೊಳ್ಳಿ ನಿಂದರತಾಳ.
ರಸ್ತಾ ದಾಟೂ ಮುಂದ ನನಗ ಇನ್ನೂ ಹೆದರಿಕಿ.
ಗಾಡಿ ಸವಾರರು ಇಡೀ ಹುಡುಗಿ ತಿರುಗೂ ತನಕ ಕಾಯಂಗಿಲ್ಲ.

ನಿನ್ನೆ ಭಾರತಿ ತಾಟು ತಂದಿಟ್ಟಳು.
ತಲಿ ಅಲ್ಲಾಡಸಾಕ ಹೋದ್ಲು ಕಾಳೂ.
ಒಂದೀಟು ಹೋಗಿ ನಿಂತಿತು ತಲಿ.
ಯಾರೋ ಒಳಗಿನಿಂದ ಚಿಲಕ ಹಾಕಿದಂಗ ಕಣ್ಣ ಅರಳಿಸಿದ್ಲು.
ಆಮ್ಯಾಲ ಬಾಯಿ ತಗದು, ಓಣಿ ತುದಿಗೆ ಕೇಳೂ ಹಂಗ,
ಒಲ್ಲೆ!

ಭಾರತಿ ಒಲಿ ಕಡೆ ಮಾರಿ ಮಾಡಿದಳು, ಭುಜ ನಡಗತಿದ್ದವು.
ಆ ಉಪ್ಪಿಟ್ಟು ನಾನ ತಿಂದೆ.
ಉಪ್ಪು ಕಡಿಮಿ ಇತ್ತು.