ಹನ್ನೆರಡು ಪುಟ

ಹಲ್ಲಿನ ಡಾಕ್ಟರ ಬಳಿ ಮೂವತ್ತು ವರ್ಷ ದುಡಿದವಳು ನಾನು.
ಎಲ್ವುಡ್ ಹ್ಯಾಸ್ಕೆಟ್‌ನ ಬಾಯಿ ನನಗೆ ಗೊತ್ತಿರುವಷ್ಟು
ಅವನ ಓದುಗರಿಗೆ ಗೊತ್ತಿಲ್ಲ:
ಕೆಳದವಡೆ, ಎಡಕ್ಕೆ, ಬೆಳ್ಳಿ ತುಂಬಿದ ಎರಡು ಹಲ್ಲು,
ಪಕ್ಕದಲ್ಲೊಂದು ಖಾಲಿ ಜಾಗ,
ಸುಳ್ಳು ಹೇಳುವ ಮುಂಚೆ ನಾಲಗೆ ಅದನ್ನು ತಡಕುತ್ತದೆ.

ಹಿಂದೆಲ್ಲ ದಿಂಬಿನಷ್ಟು ದಪ್ಪ ಕಾದಂಬರಿ ಬರೆಯುತ್ತಿದ್ದ.
ಯುದ್ಧ, ಕ್ಲೀವ್‌ಲ್ಯಾಂಡಿನ ಉಕ್ಕಿನ ಕುಲುಮೆ, ಮೂರು ತಲೆಮಾರು.
ಈಗ ಹನ್ನೆರಡು ಪುಟ. ಉಸಿರು ಅಷ್ಟಕ್ಕೇ ಎಟಕುತ್ತದಂತೆ.
ಮೊನ್ನೆ ಅಂಚೆಯಲ್ಲಿ ಪತ್ರಿಕೆ ಬಂತು. ಕತೆಯಲ್ಲಿ ನಾನು.

ಹೆಸರು ಬೇರೆ ಇಟ್ಟಿದ್ದಾನೆ, ಕೂದಲಿಗೆ ಬೇರೆ ಬಣ್ಣ.
ಗ್ಯಾರೇಜು ಮಾತ್ರ ನಮ್ಮದೇ. ಅಕ್ಟೋಬರು,
ಬೀದಿಯುದ್ದಕ್ಕೂ ಮೇಪಲ್ ಎಲೆ ಸುಡುವ ಹೊಗೆ,
ನೆಲಮಾಳಿಗೆಯಲ್ಲಿ ಕ್ಲೈಡ್ ಬಾಯ್ಲರಿಗೆ ಸುತ್ತಿಗೆಯಿಂದ ಬಡಿಯುತ್ತ,
ಆ ಬಡಿತ ನಿಲ್ಲುವುದರೊಳಗೆ ಎರಡು ಮುತ್ತು.
ಕತೆಯಲ್ಲಿ ಅವಳು ಅಳುತ್ತಾಳೆ.
ಸುಳ್ಳು. ನಾನು ನಕ್ಕಿದ್ದೆ.
ಅವನ ಕನ್ನಡಕ ಕಳಚಿ ಬಿಳಿ ಬಣ್ಣದ ಡಬ್ಬಿಯೊಳಗೆ ಬಿದ್ದಿತ್ತು.
ಮನೆಯಲ್ಲಿ ಏನು ಹೇಳಿದನೋ, ಇವತ್ತಿಗೂ ಕೇಳಿಲ್ಲ.

ಹತ್ತನೆಯ ಪುಟದಲ್ಲಿ ನನ್ನನ್ನು ಸಾಯಿಸಿದ್ದಾನೆ.
ಚೊಕ್ಕ ಸಾವು, ನಿದ್ದೆಯಲ್ಲಿ, ಹೊರಗೆ ಹಿಮ.
ಪೆಟ್ಟಿಗೆಯ ಬಳಿ ನಿಂತು ಅವನು ನನ್ನ ಕೈ ನೋಡುತ್ತಾನೆ:
‘ಹೆಬ್ಬೆರಳ ಬುಡದಲ್ಲಿ ಅರ್ಧಚಂದ್ರದಂಥ ಗಾಯದ ಗುರುತು.’
ಪೆನ್ಸಿಲ್ ಹಿಡಿದು ತಪ್ಪು ತಿದ್ದುತ್ತಿದ್ದವಳು ಅಲ್ಲಿ ನಿಂತೆ.

ಆ ಗಾಯ ನನ್ನದಲ್ಲ.
ಲೆನೋರಳದು. ಅವನ ಹೆಂಡತಿಯದು. ಸೇಬು ಹೆಚ್ಚುವಾಗ ಆದದ್ದು;
ನಾನೇ ಕಾರಿನಲ್ಲಿ ಕರೆದೊಯ್ದು ಹೊಲಿಗೆ ಹಾಕಿಸಿದ್ದೆ.
ಐವತ್ತು ವರ್ಷ ನನ್ನನ್ನು ನೆನೆದೂ ನೆನೆದೂ
ಕೊನೆಗೆ ಕೈ ಅವಳದ್ದು ಬಂದುಬಿಟ್ಟಿದೆ ಮುದುಕನಿಗೆ.
ಅವನಿಗೆ ಗೊತ್ತಾಗಿದೆಯೋ ಇಲ್ಲವೋ.
ನನಗೆ ಹೊಟ್ಟೆಯುರಿಯೇ? ಈ ವಯಸ್ಸಿನಲ್ಲಿ
ಅದೂ ಕೊಂಚ ಬೆಚ್ಚಗಿರುತ್ತದೆ.

ಅವಳು ಹೋಗಿ ನಾಲ್ಕು ವರ್ಷ.

ಗುರುವಾರ ಕಸದ ಲಾರಿ ಬರುವ ದಿನ.
ಇಬ್ಬರೂ ನೀಲಿ ತೊಟ್ಟಿ ಎಳೆದುಕೊಂಡು ಬೀದಿಯಂಚಿಗೆ ಬಂದೆವು,
ಅವನು ಉಣ್ಣೆಯ ನಿಲುವಂಗಿಯಲ್ಲಿ, ನಾನು ಕ್ಲೈಡನ ಬೂಟಿನಲ್ಲಿ.
‘ಓದಿದೆಯಾ, ಅಡೆಲ್?’
‘ಓದಿದೆ,’ ಅಂದೆ. ‘ಕನ್ನಡಕ ಮರೆತಿದ್ದೀಯ.’
ಅವನು ಮೂಗು ಮುಟ್ಟಿ ನೋಡಿಕೊಂಡ.

ಕೈಯ ಮಾತು ಎತ್ತಲಿಲ್ಲ.
ಅವನ ತೊಟ್ಟಿಯ ಚಕ್ರ ಹಿಮದಲ್ಲಿ ಹೂತಿತ್ತು.
ಹೋಗಿ ಹಿಂದಿನಿಂದ ನೂಕಿದೆ.