ನಕಾರದ ಜಾಗದಲ್ಲಿ ಪೌಂಡು

ಬಕ್ಕಪ್ಪ ಬಂದದ್ದು ಮಧ್ಯಾಹ್ನ, ಕರೆಂಟು ಹೋಗಿ ಬಂದ ಮೇಲೆ.
ಕೈಯಲ್ಲಿ ಅರಿಸಿನ ಅಂಟಿದ ಹಳೆಯ ಲಗ್ನಪತ್ರಿಕೆ,
ಮೂಲೆಯಲ್ಲಿ ನಮ್ಮದೇ ಹೆಸರು:
ನೂರಾನಿ ಗ್ರಾಫಿಕ್ಸ್, ಚೌಕಿಪೇಟೆ, ದಾವಣಗೆರೆ.
"ದೊಡ್ಡಾಕಿ ಮದುವಿದು. ಈಗ ಅವಳ ಮಗಳದ್ದು.
ಅದೇ ಅಕ್ಷರ ಇರ್ಲಿ ತಾಯಿ, ಹೆಸರಷ್ಟೇ ಬದಲಿಸು."

ಫೈಲು ಇತ್ತು. ನಾನು ಯಾವುದನ್ನೂ ಅಳಿಸುವವಳಲ್ಲ.
ಇಪ್ಪತ್ತೆರಡು ವರ್ಷದ ಮದುವೆ, ಉರುಸು, ಶಿವಗಣಾರಾಧನೆ
ಎಲ್ಲ ಒಂದೇ ಡಬ್ಬಿಯೊಳಗೆ.
ತೆರೆದರೆ
ಟೋಪಿ ಹಾಕಿ ಸಾಲಾಗಿ ನಿಂತ ಪರದೇಶಿ ಅಕ್ಷರ.
"ನನ್ನ ಜ್ಯೇಷ್ಠ ಪುತ್ರಿ" ಇರಬೇಕಾದಲ್ಲಿ
ನಕಾರಕ್ಕೊಂದು ಪೌಂಡು, ಮುಂದಿನ ನಕಾರಕ್ಕೆ ಇನ್ನೊಂದು.
ನನ್ನ ಅನ್ನುವುದಕ್ಕೆ
ಎರಡು ಪೌಂಡು ಬೆಲೆ ಕಟ್ಟಿತ್ತು ಕಂಪ್ಯೂಟರು.

ಆ ತಂತ್ರಾಂಶಕ್ಕೊಂದು ಬೀಗ. ಹೆಬ್ಬೆರಳುದ್ದ,
ಹಿಂದೆ ಸಿಕ್ಕಿಸಬೇಕು. ಡಾಂಗಲ್ ಅಂತಾರೆ.
ಒಂಬತ್ತು ಸಾವಿರ ಕೊಟ್ಟಿದ್ದೆ, ಎರಡು ಬಳೆಯ ದುಡ್ಡು.
ಹೋದ ವರ್ಷ ಬೀಗ ಸತ್ತಿತು.
ಕಂಪನಿಗೆ ಫೋನ್ ಹಚ್ಚಿದರೆ
ಆ ನಂಬರಿನಲ್ಲಿ ಈಗ ಯಾರೋ ಟೈಲ್ಸ್ ಮಾರುತ್ತಾರೆ.
ರಟ್ಟಿನ ಡಬ್ಬಿಯೊಳಗೆ ಇರುವೆ ಸಾಲಿನಂಥ ಬರಹ,
ಹಾಲೇಶಿ ಭೂತಗನ್ನಡಿ ಹಿಡಿದು ಓದಿದ:
"ಇದನ್ನ ನಿಮಗೆ ಮಾರಿಲ್ಲ ಅಕ್ಕಾ,
ಬಳಸಾಕೆ ಬಿಟ್ಟಾರೆ ಅಷ್ಟೆ."
ಬಳೆಯನ್ನು ಮಾತ್ರ ನಾನು ಮಾರಿಯೇ ಬಿಟ್ಟಿದ್ದೆ.

ಅಬ್ಬನ ಟ್ರೆಡಲ್ ಇದ್ದ ಕಾಲಕ್ಕೆ
ಮರದ ಖಾನೆಗಳಲ್ಲಿ ಸೀಸದ ಮೊಳೆ.
ನಕಾರ ಮುಗಿದರೆ ಎದುರಿನ ಪ್ರೆಸ್ಸಿಗೆ ಅಟ್ಟುತ್ತಿದ್ದ:
"ಮುರಿಗೆಪ್ಪನವರ ಹತ್ರ ಒಂದು ಮುಷ್ಟಿ ನ ಇಸ್ಕೊಂಡು ಬಾ."
ಫ್ರಾಕಿನ ಮಡಿಲಲ್ಲಿ ಅಕ್ಷರ ಹೊತ್ತು
ಎತ್ತಿನ ಗಾಡಿ ತಪ್ಪಿಸಿ ರಸ್ತೆ ದಾಟುತ್ತಿದ್ದೆ.
ಮದುವೆ ತಿಂಗಳಲ್ಲಿ ಅವರಿಗೆ ಮಕಾರ ಸಾಲದೆ ಬಿದ್ದರೆ
ನಮ್ಮ ಖಾನೆ ತೆರೆದೇ ಇರುತ್ತಿತ್ತು.
ಸೀಸವನ್ನು ಹೊಗಳುತ್ತಿಲ್ಲ. ಅಬ್ಬನ ಎದೆ ತಿಂದದ್ದು ಅದೇ.
ಆದರೆ ಅದು ಒಂದು ದಿನವೂ ಕೇಳಲಿಲ್ಲ
ನೀನು ಯಾರು,
ನಿನ್ನ ಅವಧಿ ಎಂದಿಗೆ ಮುಗಿಯುತ್ತದೆ ಎಂದು.

ಹಾಲೇಶಿ ಪಾಲಿಟೆಕ್ನಿಕ್ಕಿನ ಹುಡುಗ.
ಪೆನ್‌ಡ್ರೈವಿನಲ್ಲಿ ಲಿನಕ್ಸ್ ತಂದ. "ಫ್ರೀ ಐತೆ."
ಫ್ರೀ ಅಂದದ್ದಕ್ಕೇ ನನಗೆ ಅನುಮಾನ.
ಮೂರು ದಿನ ಪ್ರಿಂಟರು ಮಾತು ಬಿಟ್ಟಿತ್ತು, ನಾನು ಬಿಡಲಿಲ್ಲ,
ಹುಡುಗನನ್ನೂ ಲಿನಕ್ಸನ್ನೂ ಕೂಡಿಸಿ ಬೈದೆ.
ನಾಲ್ಕನೆಯ ದಿನ ಅವನೊಂದು ಪಟ್ಟಿ ತೆರೆದ.
ಯಾರೋ ಕೂತು ಬರೆದದ್ದು:
ಈ ಪೌಂಡು ಅಂದರೆ ನ.
ಬಾಲದ ಈ ಬಿ ಅಂದರೆ ಅದರ ಒತ್ತು.
ಹೀಗೆ ಮುನ್ನೂರು ಸಾಲು.
ಎಷ್ಟು ರಾತ್ರಿಯ ಕೆಲಸವೋ, ಯಾರ ಮಗಳೋ, ಯಾವ ಊರೋ.
ನಾನು ಕೇಳುವ ಮೊದಲೇ
ರಸ್ತೆಯಾಚೆಯಿಂದ ಒಂದು ಮುಷ್ಟಿ ನಕಾರ.

"ಮುಹೂರ್ತ" ಮಾತ್ರ "ಮುಹೂತರ್" ಆಗಿ ಬಂತು.
ತಪ್ಪು ಪಂಕ್ತಿಯಲ್ಲಿ ಕೂತ ಬೀಗರ ಹಾಗೆ
ಅರ್ಕಾವತ್ತು, ಎಬ್ಬಿಸುವವರಿಲ್ಲದೆ.
"ಇದನ್ನ ನಾವು ಸರಿ ಮಾಡಬಹುದೇನೋ?"
"ಮಾಡ್ರಿ. ಯಾರು ಬ್ಯಾಡ ಅಂತಾರೆ?"

ಬೇರೆ ಡಬ್ಬಿಯ ಶಾಯಿ ಹಾಕಿದರೆ ಮುಖ ತಿರುಗಿಸುವ ಪ್ರಿಂಟರಿನ ಎದುರು,
ಯಾವ ತಿರುಪುಳಿಗೂ ಬಗ್ಗದ ಮಿಕ್ಸಿಯ ಎದುರು,
ಬ್ಯಾಟರಿ ತೆಗೆಯಲು ಬಿಡದ ಫೋನಿನ ಎದುರು
ನನಗೆ ಯಾರೂ ಈ ಮಾತು ಹೇಳಿರಲಿಲ್ಲ.
ಅಕ್ಷರ ಎಲ್ಲಿ ಕೂರಬೇಕೆಂದು ನಾನು ಹೇಳಿದೆ,
ಅವನು ಕೀಲಿ ಒತ್ತಿದ.
ತಿದ್ದಿದ್ದನ್ನು ಪಟ್ಟಿಯವರಿಗೇ ಕಳಿಸಿದೆವು.
ಇನ್ನೂ ಉತ್ತರ ಬಂದಿಲ್ಲ.

ಬಕ್ಕಪ್ಪ ಪ್ರೂಫನ್ನು ಬೆಳಕಿಗೆ ಹಿಡಿದ.
"ಮೊದಲಿನ ನ ದುಂಡಗಿತ್ತಲ್ಲ? ಇದ್ಯಾಕೋ ಸೊರಗೈತೆ."
ನಿಜ. ನನಗೂ ಹಾಗೇ ಕಂಡಿತ್ತು, ಹೇಳಿರಲಿಲ್ಲ.
"ಎಲ್ಲಾ ಫ್ರೀ ಆತಂತಲ್ಲ, ಹಾಲೇಶಿ ಅಂದ.
ಹಂಗಾದ್ರೆ ಕಾರ್ಡಿಗೆ ಎರಡು ರೂಪಾಯಿ ಬಿಡು."
"ಅಕ್ಷರ ಬಿಟ್ಟಾರೆ ಬಕ್ಕಪ್ಪಣ್ಣ,
ಕಾಗದದ ಅಂಗಡಿಯವನು ಬಿಟ್ಟಿಲ್ಲ," ಅಂದೆ.

ಅಷ್ಟು ಹೇಳಿಯೂ ಎಂಟಾಣೆ ಬಿಟ್ಟೆ.